ಹಳೆಯ ಕಾರ್ಡಿನ ಲೆಕ್ಕ ಮುಗಿಸಿ

ಮಲೆನಾಡಿನಲ್ಲಿ ಗುಡುಗು ಸಿಡಿಲಿನ ಮಳೆ ಶುರುವಾದರೆ ಕಂಪ್ಯೂಟರ್ ರಿಪೇರಿ ಅಂಗಡಿಗೆ ಒಂದು ದೂರು ತಪ್ಪದೆ ಬರುತ್ತದೆ: ಸಿಸ್ಟಂ ಆನ್ ಆಗುತ್ತದೆ, ನೆಟ್ ಮಾತ್ರ ಬರುವುದಿಲ್ಲ. ಸಿಡಿಲಿನ ಹೊಡೆತ ಫೋನಿನ ತಂತಿ, ಮೋಡೆಮ್, ಲ್ಯಾನ್ ಕೇಬಲ್ ಹಾದು ಬಂದು ಮದರ್‌ಬೋರ್ಡಿನ ನೆಟ್‌ವರ್ಕ್ ಚಿಪ್ಪನ್ನು ಸುಟ್ಟಿರುತ್ತದೆ. ಅಷ್ಟಕ್ಕೇ ಹಳೆಯ ಡೆಸ್ಕ್‌ಟಾಪನ್ನು ಗುಜರಿಗೆ ಹಾಕಬೇಕಿಲ್ಲ. ಖಾಲಿ ಸ್ಲಾಟಿನಲ್ಲಿ ಬೇರೊಂದು ಲ್ಯಾನ್ ಕಾರ್ಡ್ ಕೂರಿಸಬಹುದು. ಕೊಳ್ಳುವ ಮುಂಚೆ ಕ್ಯಾಬಿನೆಟ್ ಬಿಚ್ಚಿ ನೋಡಬೇಕು, ಅಷ್ಟೆ. 1992ರಲ್ಲಿ ಬಂದ ಪಿಸಿಐ ಸ್ಲಾಟಿಗೆ 2003ರಲ್ಲಿ ಬಂದ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಹೊಂದುವುದಿಲ್ಲ.

ಕಾರ್ಡ್ ಕೂತ ಮೇಲೂ ನೆಟ್ ಬರದಿದ್ದರೆ ಕೆಳಗಿನಿಂದ ಮೇಲಕ್ಕೆ ಹುಡುಕುತ್ತಾ ಹೋಗಬೇಕು. ಪೋರ್ಟಿನ ಪುಟ್ಟ ದೀಪ ಉರಿಯುತ್ತಿದೆಯೇ? ಇಲ್ಲವಾದರೆ ಕೇಬಲ್ ಬದಲಿಸಿ. ಕಾರ್ಡ್ ತೆಗೆದು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಮತ್ತೆ ಒತ್ತಿ ಕೂರಿಸಿ. ದೀಪ ಉರಿಯುತ್ತಿದ್ದೂ ಐಪಿ ವಿಳಾಸ 169.254 ಎಂದು ಶುರುವಾದರೆ, ಕಾರ್ಡ್ ವಿಳಾಸ ಕೇಳಿದೆ, ಉತ್ತರ ಬಂದಿಲ್ಲ ಎಂದರ್ಥ. ಒಮ್ಮೆಗೆ ಒಂದನ್ನೇ ಬದಲಿಸಬೇಕು. ಹತ್ತು ಕಡೆ ಕೈಹಾಕಿದರೆ ಗುಣವಾದದ್ದು ಯಾವುದರಿಂದ ಎಂಬುದೇ ತಿಳಿಯುವುದಿಲ್ಲ.

ಎಲ್ಲವೂ ಸರಿಯಿದ್ದೂ ಕೆಲಸ ನಿಲ್ಲುವ ಜಾಗ ಇನ್ನೊಂದಿದೆ. ಪ್ರತಿ ಕಾರ್ಡಿಗೂ 48 ಬಿಟ್‌ಗಳ ಮ್ಯಾಕ್ ವಿಳಾಸವೆಂಬ ಗುರುತಿನ ಸಂಖ್ಯೆ ಇರುತ್ತದೆ. ಹಳೆಯ ಸಂಖ್ಯೆಯನ್ನು ವ್ಯವಸ್ಥೆ ಸುಲಭಕ್ಕೆ ಮರೆಯುವುದಿಲ್ಲ. ಹಳೆಯ ಕಾರ್ಡಿನ ಐಪಿಯನ್ನೇ ಹೊಸದಕ್ಕೆ ಕೊಡಹೊರಟರೆ, ಅದು ಬೇರೊಂದು ಅಡಾಪ್ಟರಿಗೆ ಸೇರಿದ್ದು ಎಂದು ವಿಂಡೋಸ್ ಎಚ್ಚರಿಸುತ್ತದೆ. ಹಿಂದಿನ ಹಲವು ಲಿನಕ್ಸ್ ಆವೃತ್ತಿಗಳು 'ಇಟಿಎಚ್0' ಹೆಸರನ್ನು ಸತ್ತ ಕಾರ್ಡಿಗೇ ಕಾದಿರಿಸಿ, ಹೊಸದನ್ನು 'ಇಟಿಎಚ್1' ಎಂದು ಕರೆಯುತ್ತವೆ. ಸೆಟ್ಟಿಂಗ್‌ಗಳೆಲ್ಲ ಮೊದಲಿನ ಹೆಸರಲ್ಲೇ ಉಳಿದಿರುತ್ತವೆ. ಕೆಲವು ಕೇಬಲ್ ಇಂಟರ್ನೆಟ್‌ನವರೂ ನೋಂದಾಯಿಸಿದ ಮ್ಯಾಕ್ ವಿಳಾಸಕ್ಕೆ ಮಾತ್ರ ಸಂಪರ್ಕ ಕೊಡುತ್ತಾರೆ. ಆಗ ಹೊಸ ಕಾರ್ಡಿನಲ್ಲಿ ದೋಷ ಹುಡುಕಿ ಫಲವಿಲ್ಲ. ಹಳೆಯದರ ನಮೂದು ಅಳಿಸಿ, ಹೊಸದರ ಸಂಖ್ಯೆ ಬರೆಸಬೇಕು.

ನಮ್ಮ ಸಂಘ ಸಂಸ್ಥೆಗಳಲ್ಲೂ ಇದೇ ನಡೆಯುತ್ತದೆ. ಹೊಸ ಕಾರ್ಯದರ್ಶಿ ಬಂದಿರುತ್ತಾರೆ. ಬ್ಯಾಂಕಿನಲ್ಲಿ ಸಹಿ ಹಿಂದಿನವರದು, ಬೀರುವಿನ ಕೀಲಿ ಹಿಂದಿನವರ ಮನೆಯಲ್ಲಿ. ಚೆಕ್ ವಾಪಸಾದಾಗ ಮಾತ್ರ 'ಈಗಿನವರಿಗೆ ಕೆಲಸ ಬರುವುದಿಲ್ಲ' ಎನ್ನುತ್ತೇವೆ.

ಜಾಗ ಕೊಟ್ಟ ಮಾತ್ರಕ್ಕೆ ಅಧಿಕಾರ ಕೊಟ್ಟಂತಾಗುವುದಿಲ್ಲ. ಹೊಸಬರ ಯೋಗ್ಯತೆ ಅಳೆಯುವ ಮುನ್ನ, ಅವರು ಕೆಲಸ ಮಾಡಲು ಬೇಕಾದುದನ್ನೆಲ್ಲ ಅವರ ಹೆಸರಿಗೆ ವಹಿಸಿದ್ದೇವೆಯೇ ಎಂದು ನೋಡಿಕೊಳ್ಳುವುದು ನ್ಯಾಯ. ಆ ಹೊಣೆ ಬಂದವರದಲ್ಲ, ಕರೆತಂದವರದು.