ಮುಯ್ಯಿ ತೀರಿಸುವ ಹಕ್ಕು

2019ರ ಆಗಸ್ಟ್ ತಿಂಗಳ ಮಹಾಪೂರವನ್ನು ಈ ಸೀಮೆಯಲ್ಲಿ ಮರೆತವರಿಲ್ಲ. ಪಂಚಗಂಗೆ, ಕೃಷ್ಣೆ, ದೂಧಗಂಗೆಗಳು ಒಟ್ಟೊಟ್ಟಿಗೆ ದಂಡೆ ಮೀರಿದವು. ಪುಣೆ–ಬೆಂಗಳೂರು ಹೆದ್ದಾರಿ ಕೊಲ್ಲಾಪುರದ ಬಳಿ ಹಲವು ದಿನ ಬಂದಾಗಿತ್ತು. ಶಿರೋಳ ತಾಲೂಕಿನ ಎಷ್ಟೋ ಹಳ್ಳಿಗಳು ನಡುಗಡ್ಡೆಗಳಾಗಿ ನಿಂತವು. ಆ ದಿನಗಳಲ್ಲಿ ಸುಳಕೂಡ, ಇಚಲಕರಂಜಿ, ಗಡಹಿಂಗ್ಲಜಗಳ ಕನ್ನಡ ಮನೆಗಳಿಂದ ಕೆಲವು ತರುಣರೂ ನಿವೃತ್ತ ಶಿಕ್ಷಕರೂ ಕೂಡಿ ನೆರೆಹೊರೆಯವರ ನೆರವಿಗೆ ನಿಂತೆವು. ತಾಯಂದಿರು ಹಗಲೂ ರಾತ್ರಿ ರೊಟ್ಟಿ ಬಡಿದರು. ಮಗ್ಗದ ಪೇಟೆಯಿಂದ ಸೀರೆ, ಚಾದರಗಳ ಗಂಟುಗಳು ಬಂದವು. ನೀರು ಇಳಿದ ಮೇಲೂ ಆ ತಂಡ ಚದುರಲಿಲ್ಲ. ಇಂದಿಗೂ ತಿಂಗಳಿಗೊಮ್ಮೆ ಒಂಟಿ ವೃದ್ಧರ ಮನೆಗೆ ಕಾಳು ಮುಟ್ಟಿಸುವುದು, ರೋಗಿಗಳನ್ನು ದವಾಖಾನೆಗೆ ಕರೆದೊಯ್ಯುವುದು, ಶಾಲೆಯ ಮಕ್ಕಳಿಗೆ ಪಾಟಿ-ಪುಸ್ತಕ ಕೊಡಿಸುವುದು ನಡೆದಿದೆ. ಈ ಲೇಖನ ಆ ಸೇವೆಯ ವರದಿಯಲ್ಲ. ಆ ಸೇವೆಯಲ್ಲಿ ನಾವು ಮಾಡಿದ ಒಂದು ತಪ್ಪಿನ ಕುರಿತು, ಅದು ಎತ್ತಿದ ಪ್ರಶ್ನೆಯ ಕುರಿತು ನಾಲ್ಕು ಮಾತು.

ಮಹಾಪೂರದ ಮರುವರ್ಷ ಸುಗ್ಗಿಯ ಹೊತ್ತಿಗೆ, ನದಿ ದಂಡೆಯ ಒಬ್ಬ ವೃದ್ಧೆ ನಮ್ಮ ಕಾಳಿನ ಕೋಣೆಗೆ ಬಂದಳು. ಅವಳ ಗೋಡೆ ಕುಸಿದಾಗ ನಾವು ಅವಳಿಗೆ ಎರಡು ತಿಂಗಳ ಕಾಳು ಕೊಟ್ಟಿದ್ದೆವು. ಸೆರಗಿನ ಗಂಟು ಬಿಚ್ಚಿ, ಒಂದು ಸೇರು ಜೋಳವನ್ನು ಮೇಜಿನ ಮೇಲೆ ಇಟ್ಟಳು. ನಮ್ಮ ತರುಣನೊಬ್ಬ ಕೈಮುಗಿದು, "ಬ್ಯಾಡ ಆಯಿ, ನಿಮ್ಮ ಆಶೀರ್ವಾದ ಇದ್ದರ ಸಾಕು" ಎಂದ. ನಾವೆಲ್ಲರೂ ಮೆಚ್ಚಿ ತಲೆದೂಗಿದೆವು. ಆ ಮುದುಕಿ ಮೆಚ್ಚಲಿಲ್ಲ. "ನಿಮ್ಮದು ನಾ ತಗೊಂಡೆ. ನಂದು ನೀವು ಒಲ್ಲೆ ಅಂದ್ರ, ನಾ ಏನಾದ್ಹಂಗ ಆತು ತಮ್ಮಾ?" ಎಂದಳು. ಗಂಟು ಕಟ್ಟಿಕೊಂಡು ಹೊರಟಳು. ಮುಂದಿನ ತಿಂಗಳು ಕಾಳು ಒಯ್ದಾಗ ಅವಳ ಬಾಗಿಲು ತೆರೆಯಲಿಲ್ಲ. ಒಳಗೆ ಇದ್ದಳೆಂಬುದು ನಮಗೆ ಗೊತ್ತಿತ್ತು.

ಒಂದು ಸೇರು ಜೋಳದಿಂದ ನಮ್ಮ ಕೋಣೆ ತುಂಬುತ್ತಿರಲಿಲ್ಲ ನಿಜ. ಆದರೆ ಅವಳು ತಂದದ್ದು ಜೋಳವಷ್ಟೇ ಆಗಿರಲಿಲ್ಲವೆಂಬುದು ನಮಗೆ ತಡವಾಗಿ ತಿಳಿಯಿತು. ನಮ್ಮ ಒಕ್ಕಲುತನದಲ್ಲಿ ಮುಯ್ಯಾಳು ಎಂಬ ಪದ್ಧತಿಯಿದೆ. ನಿಮ್ಮ ಹೊಲದ ಕೆಲಸಕ್ಕೆ ಇಂದು ನಾವು ಬರುತ್ತೇವೆ, ನಮ್ಮ ಹೊಲಕ್ಕೆ ನಾಳೆ ನೀವು ಬನ್ನಿರಿ. ಮರಾಠಿ ನೆರೆಯವರು ಇದನ್ನೇ ಪೈರಾ ಎನ್ನುತ್ತಾರೆ. ಇಲ್ಲಿ ಕೂಲಿಯಿಲ್ಲ, ದಾನವೂ ಇಲ್ಲ. ಬಂದವನು ಒಡೆಯನೂ ಅಲ್ಲ, ಆಳೂ ಅಲ್ಲ. ಇವತ್ತಿನ ಋಣ ನಾಳೆ ತೀರುತ್ತದೆಂಬ ಭರವಸೆಯಲ್ಲಿ ಇಬ್ಬರೂ ತಲೆಯೆತ್ತಿ ನಡೆಯುತ್ತಾರೆ. ಆ ವೃದ್ಧೆ ನಮ್ಮನ್ನು ಮುಯ್ಯಾಳುಗಳೆಂದು ಎಣಿಸಿದ್ದಳು. ನಾವು ಅವಳನ್ನು ಫಲಾನುಭವಿಯೆಂದು ಬರೆದುಕೊಂಡಿದ್ದೆವು. (ಈ ಶಬ್ದವನ್ನು ಸರಕಾರಿ ಕಾಗದದಿಂದ ಎತ್ತಿಕೊಂಡವರು ನಾವೇ, ಮನುಷ್ಯರ ಹೆಸರಿನ ಮುಂದೆ ಅದನ್ನು ಬರೆಯುವಾಗ ಕೈ ನಡುಗಬೇಕಿತ್ತು.)

ಫ್ರೆಂಚ್ ಚಿಂತಕ ಮಾರ್ಸೆಲ್ ಮೋಸ್ 1925ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಪ್ರಬಂಧದಲ್ಲಿ, ಮರಳಿಸಲಾಗದ ಕೊಡುಗೆ ಪಡೆದವನ ಮನಸ್ಸನ್ನು ಗಾಯಗೊಳಿಸುತ್ತದೆ ಎಂಬ ವಿಚಾರವನ್ನು ಮುಂದಿಟ್ಟ. ಅದನ್ನು ತಿಳಿಯಲು ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಶರಣರು ದಾನವೆಂಬ ಮಾತಿನೊಳಗಿನ ಅಹಂಕಾರವನ್ನು ಗುರುತಿಸಿ, ಅದರ ಸ್ಥಾನದಲ್ಲಿ ದಾಸೋಹವನ್ನು ತಂದರು. ಕೊಡುವವನೇ ಅಲ್ಲಿ ದಾಸ. ಇದನ್ನು ನಾವು ಭಾಷಣಗಳಲ್ಲಿ ಹೇಳುತ್ತ ಬಂದಿದ್ದೇವೆ. ಹೇಳಿ ಮುಗಿಸಿ, ಕಾಳಿನ ಚೀಲ ಹಿಡಿದವರ ಪಕ್ಕ ನಿಂತು ಫೋಟೋ ತೆಗೆಸಿಕೊಂಡದ್ದೂ ಉಂಟು.

ಹಾಗಾದರೆ ಕೊಟ್ಟದ್ದಕ್ಕೆಲ್ಲ ಮರಳಿ ಪಡೆಯಬೇಕೇ? ನಮ್ಮ ತಂಡದಲ್ಲಿ ಈ ಮಾತಿಗೆ ಬಲವಾದ ವಿರೋಧ ಬಂತು. ವಿರೋಧಿಸಿದವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ಅವರ ಮಾತಿನಲ್ಲಿ ಹುರುಳಿತ್ತು. ಮದುವೆಯ ಮುಯ್ಯಿ ಏನು ಮಾಡುತ್ತದೆಂದು ಅವರಿಗೆ ಗೊತ್ತು. ಯಾರು ಎಷ್ಟು ಮುಯ್ಯಿ ಮಾಡಿದರೆಂದು ವಹಿಯಲ್ಲಿ ಬರೆದಿಟ್ಟು, ಅಷ್ಟನ್ನೇ ಇಲ್ಲವೆ ಅದಕ್ಕೂ ಹೆಚ್ಚನ್ನು ತಿರುಗಿ ಮಾಡಲು ಸಾಲ ಎತ್ತಿದ ಮನೆಗಳನ್ನು ಅವರು ಕಂಡಿದ್ದಾರೆ. ಮುಯ್ಯಿಗೆ ಅಳತೆ ಬಂದೊಡನೆ ಅದು ಬಡ್ಡಿಯ ತಮ್ಮನಾಗುತ್ತದೆ. ಇನ್ನು, ಹಾಸಿಗೆ ಹಿಡಿದವರು, ಬುದ್ಧಿ ಸ್ಥಿಮಿತದಲ್ಲಿಲ್ಲದವರು, ಹಸುಳೆಗಳು ಏನನ್ನು ಮರಳಿಸಿಯಾರು?

ಬಹಳ ದಿನ ಚರ್ಚಿಸಿದ ಮೇಲೆ ನಮಗೆ ಹೊಳೆದದ್ದು ಇಷ್ಟು: ಮರಳಿ ಕೇಳುವ ಹಕ್ಕು ಕೊಟ್ಟವನಿಗಿಲ್ಲ, ಆದರೆ ಮರಳಿಸುವ ಹಕ್ಕು ಪಡೆದವನಿಗಿದೆ. ಮೊದಲನೆಯದನ್ನು ಬಿಟ್ಟುಕೊಟ್ಟೆವೆಂದು ನಾವು ಹೆಮ್ಮೆಪಟ್ಟೆವು, ಅದೇ ಹೆಮ್ಮೆಯಲ್ಲಿ ಎರಡನೆಯದನ್ನು ಆ ಮುದುಕಿಯಿಂದ ಕಸಿದುಕೊಂಡೆವು. ನಿಃಸ್ವಾರ್ಥವೆಂದು ನಾವು ಕರೆದದ್ದರಲ್ಲಿ ಸೂಕ್ಷ್ಮವಾದ ಒಂದು ಸ್ವಾರ್ಥವಿತ್ತು: ಕೊಡುವವರಾಗಿಯೇ ಉಳಿಯುವ ಆಸೆ.

ಇದನ್ನು ಬಹು ಹಿಂದೆಯೇ ಅರಿತವರು ನಮ್ಮ ಜಿಲ್ಲೆಯಲ್ಲಿಯೇ ಇದ್ದರು. 1887ರಲ್ಲಿ ಹಾತಕಣಂಗಲೆ ತಾಲೂಕಿನ ಕುಂಭೋಜದಲ್ಲಿ ಹುಟ್ಟಿದ ಕರ್ಮವೀರ ಭಾವೂರಾವ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ವಸತಿಗೃಹದಲ್ಲಿ ಎಲ್ಲ ಜಾತಿಯ ಬಡ ಮಕ್ಕಳು ಒಂದೇ ಸೂರಿನಡಿ ಉಂಡರು. ಆ ಮಕ್ಕಳ ಅನ್ನಕ್ಕಾಗಿ ಅವರ ಪತ್ನಿ ಲಕ್ಷ್ಮೀಬಾಯಿ ಮೈಮೇಲಿನ ಒಡವೆಗಳನ್ನೇ ಕೊಟ್ಟರು. ಇಷ್ಟು ಕೊಟ್ಟವರು ಆ ಮಕ್ಕಳಿಗೆ ಸುಮ್ಮನೆ ಕುಳಿತು ಉಣ್ಣಿರಿ ಎನ್ನಲಿಲ್ಲ. ದುಡಿಯುತ್ತ ಕಲಿಯಿರಿ ಎಂದರು. ಸ್ವಾವಲಂಬನೆಯೇ ಆ ಸಂಸ್ಥೆಯ ಬಿರುದಾಯಿತು. ಹೊಲದಲ್ಲಿ ಬೆವರಿಳಿಸಿ ಉಂಡ ಹುಡುಗ ತನ್ನನ್ನು ಅನಾಥನೆಂದು ಎಣಿಸಬೇಕಾಗಿರಲಿಲ್ಲ.

ಈಗ ನಮಗೆ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆಗೆ ಬರುತ್ತೇವೆ. ಸಂಘದ ಸಭೆಯಲ್ಲಿ ಅದನ್ನು ಎತ್ತಿದರೆ ಅರ್ಧ ಜನ ಎದ್ದು ನಿಲ್ಲುತ್ತಾರೆ. ಇಚಲಕರಂಜಿಗೆ ಕುಡಿಯುವ ನೀರು ಬೇಕು. ಪಂಚಗಂಗೆ ಮಲಿನವಾಗಿ 2012ರಲ್ಲಿ ಕಾಮಾಲೆ ಹರಡಿ ಜೀವಗಳೇ ಹೋದುದನ್ನು ಆ ಊರು ಮರೆತಿಲ್ಲ. ದೂಧಗಂಗೆಯ ನೀರನ್ನು ಸುಳಕೂಡದಿಂದ ಒಯ್ಯುವ ಯೋಜನೆ ಬಂದಾಗ ದಂಡೆಯ ರೈತರು ವಿರೋಧಿಸಿದರು. ಪೂರದಲ್ಲಿ ಅದೇ ಪೇಟೆಯ ಚಾದರಗಳನ್ನು ಹೊತ್ತು ಓಡಾಡಿದ ನಮ್ಮ ಹುಡುಗರೂ ವಿರೋಧಿಸಿದವರಲ್ಲಿ ಇದ್ದರು. ಅವರನ್ನು ಕೃಪಣರೆನ್ನಲು ನಮ್ಮ ನಾಲಗೆ ಏಳದು. ಪೂರದಲ್ಲಿ ನಾವು ಕೊಟ್ಟದ್ದು ಮಿಕ್ಕಿದ್ದನ್ನು. ಇಲ್ಲಿ ಕೇಳುತ್ತಿರುವುದು ಕಬ್ಬಿನ ಬೇರಿನಲ್ಲಿರುವುದನ್ನು. ಬೇಸಿಗೆಯಲ್ಲಿ ಪಾತ್ರ ಬತ್ತಿದಾಗ ಕೆಳಗಿನ ಕರ್ನಾಟಕದ ಹಳ್ಳಿಗಳಿಗೂ ಅದೇ ಹೊಳೆಯೇ ಗತಿ.

ಈ ತಂಟೆಯನ್ನು ಬಿಡಿಸುವ ಅಧಿಕಾರವಾಗಲಿ ವಿದ್ಯೆಯಾಗಲಿ ನಮಗಿಲ್ಲ. ಆದರೆ ಎರಡೂ ಕಡೆಯ ಮಾತು ಕೇಳುವಾಗ ಆ ಸೇರು ಜೋಳ ನೆನಪಾಗುತ್ತದೆ. ಪೇಟೆಯವರು ಕರುಣೆಯನ್ನು ಬೇಡುತ್ತಿಲ್ಲ, ಹಳ್ಳಿಯವರು ಔದಾರ್ಯಕ್ಕೆ ಹೆದರಿದವರಲ್ಲ. ಒಮ್ಮೆ ಕೊಟ್ಟರೆ ನಾಳೆ ನಮ್ಮ ಹೊಲ ಒಣಗಿದಾಗ ಮುಯ್ಯಾಳು ಬರುವನೇ ಎಂಬುದೇ ರೈತನ ಅಂಜಿಕೆ. ಇಚಲಕರಂಜಿಯ ಮಗ್ಗಗಳ ಮುಂದೆ ನಮ್ಮ ಹಳ್ಳಿಗಳ ಮಕ್ಕಳು ದುಡಿದಿದ್ದಾರೆ, ಅಲ್ಲಿಯ ದವಾಖಾನೆಗಳಲ್ಲಿ ನಮ್ಮವರು ಬದುಕಿ ಬಂದಿದ್ದಾರೆ. ಆ ಪೇಟೆಯ ಋಣ ನಮ್ಮ ಮೇಲೆ ಎಷ್ಟಿದೆ, ನಮ್ಮ ಋಣ ಅದರ ಮೇಲೆ ಎಷ್ಟಿದೆ ಎಂದು ಯಾವ ಸಭೆಯಲ್ಲಿಯೂ ಯಾರೂ ಎಣಿಸಿಲ್ಲ. ಎಣಿಸಲು ಕುಳಿತರೆ ಮಾತಿನ ಧಾಟಿಯಾದರೂ ಬದಲಾದೀತು.

ಆ ವೃದ್ಧೆಯ ಬಳಿಗೆ ನಾವು ಮತ್ತೆ ಹೋದೆವು, ಈ ಸಲ ಕಾಳಿನ ಚೀಲವಿಲ್ಲದೆ. ಬಾಣಂತಿಯೊಬ್ಬಳ ಮನೆಯಲ್ಲಿ ರೊಟ್ಟಿ ಮಾಡುವವರಿಲ್ಲ, ಬರುತ್ತೀರಾ ಆಯಿ, ಎಂದು ಕೇಳಿದೆವು. ಬಾಗಿಲು ತೆರೆಯಿತು. ಹದಿನೈದು ದಿನ ಅವಳೇ ಹೋಗಿ ರೊಟ್ಟಿ ಬಡಿದು, ಕೂಸನ್ನು ಎರೆದು ಬಂದಳು. ಈಗ ನಮ್ಮ ವಹಿಯಲ್ಲಿ ಫಲಾನುಭವಿ ಎಂಬ ಶಬ್ದವನ್ನು ಹೊಡೆದುಹಾಕಿದ್ದೇವೆ. ಒಂದು ಪುಟದಲ್ಲಿ ಹೋದದ್ದನ್ನೂ ಎದುರಿನ ಪುಟದಲ್ಲಿ ಬಂದದ್ದನ್ನೂ ಬರೆಯುತ್ತೇವೆ. ಒಂದು ದಿನದ ಕೈಕೆಲಸ, ಒಂದು ಸಿವುಡು ಮೆಂತ್ಯೆಪಲ್ಲೆ, ದವಾಖಾನೆಯಲ್ಲಿ ಒಂದು ರಾತ್ರಿಯ ಕಾವಲು. ಎರಡು ಪುಟಗಳ ಲೆಕ್ಕವನ್ನು ಕೂಡಿಸುವುದಿಲ್ಲವೆಂದು ಮಾತ್ರ ಠರಾವು ಮಾಡಿಕೊಂಡಿದ್ದೇವೆ.