ಒಡವೆಯೂ ಮುಟ್ಟೂ

ಒಡವೆ ಎಂದೊಡನೆ ಇಂದು ಕಣ್ಣಮುಂದೆ ಬರುವುದು ಬಳೆ, ಸರ, ಓಲೆ. ಹಿಂದೆ ಈ ಶಬ್ದಕ್ಕೆ ಇಷ್ಟು ಇಕ್ಕಟ್ಟಿರಲಿಲ್ಲ. ಒಡೆಯ, ಒಡೆತನ, ಒಡವೆ ಎಂಬಿವು ಒಂದೇ ಕುಲದವು. ಒಬ್ಬನಿಗೆ ಸೇರಿದ ಸೊತ್ತೆಲ್ಲವೂ ಅವನ ಒಡವೆಯೇ ಆಗಿದ್ದಿತು. ಕಾಲಕ್ರಮದಲ್ಲಿ ಅದು ಚಿನ್ನದೊಡನೆ ಪೆಟ್ಟಿಗೆಯನ್ನು ಸೇರಿತು. ಹೊರಗುಳಿದ ಒರಳು, ಮೊರ, ಕೊಡಗಳು ಪಾರಸಿಯಿಂದ ಬಂದ ಸಾಮಾನು ಎಂಬ ಹೆಸರನ್ನು ಹೊತ್ತುವು. (ಇದನ್ನು ಸಂಸ್ಕೃತದ ಸಾಮಾನ್ಯದಿಂದ ಎಳೆದು ತರುವ ಶ್ರಮ ಪಂಡಿತರಿಗೆ ಬೇಡ.) ವಸ್ತುವಿನ ಗತಿಯಂತೂ ಇನ್ನೂ ವಿಚಿತ್ರ. ಬ್ರಹ್ಮವೊಂದೇ ವಸ್ತು, ಮಿಕ್ಕುದೆಲ್ಲ ಅವಸ್ತು ಎಂದು ವೇದಾಂತಿಯು ಹೇಳಿದರೆ, ಮನೆಯವರು ಒಡವೆವಸ್ತು ಎಂದು ಜೋಡಿಸಿ ಅದಕ್ಕೂ ಬೀಗ ಹಾಕಿದರು.

ನಿತ್ಯದ ಪದಾರ್ಥಗಳಿಗೆ ಕನ್ನಡದಲ್ಲಿ ಇನ್ನೊಂದು ಮಾತುಂಟು: ಮುಟ್ಟು. ಕೆಲಸಕ್ಕೆ ಬೇಕಾದ ಉಪಕರಣವೆಂದು ಅದರ ಅರ್ಥ. ಈಗ ಅದು ಸ್ತ್ರೀಯರ ಋತುಕಾಲಕ್ಕೆ ಮೀಸಲಾಗಿ, ಸಭೆಯಲ್ಲಿ ನುಡಿಯಲು ಜನರು ನಾಚುವ ಶಬ್ದವಾಗಿದೆ. ನಾಚಿಕೆಗೆ ಕಾರಣವಿಲ್ಲ, ಆದರೂ ಆ ನಾಚಿಕೆಯಿಂದ ಒಂದು ಒಳ್ಳೆಯ ಅರ್ಥವು ತಟ್ಟುಮುಟ್ಟು ಎಂಬ ಜೋಡಿಯಲ್ಲಿ ಮರೆಯಾಗಿ ಉಳಿದಿದೆ. ಕೈಯಿಂದ ಮುಟ್ಟುವುದಕ್ಕೂ ಇದಕ್ಕೂ ಮೂಲ ಒಂದೆಯೆ ಎಂಬುದು ನಿಘಂಟುಕಾರರ ಚರ್ಚೆ. ಆಡುವವನ ಕಿವಿಗೆ ಎರಡೂ ಒಂದೇ.

ಹಾಗಾದರೆ ವಸ್ತುವು ಕೊಂಡವನದೊ, ಮುಟ್ಟಿ ದುಡಿಯುವವನದೊ? ಹಾರೋಹಳ್ಳಿ, ಕನಕಪುರದ ಸೀಮೆಯಲ್ಲಿ ಈ ಪ್ರಶ್ನೆಗೆ ಶಾಸ್ತ್ರಗ್ರಂಥವನ್ನು ತೆರೆಯಬೇಕಾಗಿಲ್ಲ, ಚಂದ್ರಿಕೆಯನ್ನು ನೋಡಿದರೆ ಸಾಕು. ಸುಮಾರು 6 ಅಡಿ ಉದ್ದ, 4 ಅಡಿ ಅಗಲದ ಬಿದಿರ ಚಾಪೆ. ಮೇಲೆ ಸುರುಳಿಯಾಗಿ ಸುತ್ತಿದ ಬಿದಿರ ಪಟ್ಟಿ. ಹಣ್ಣಾದ ರೇಷ್ಮೆಹುಳು ಆ ಸುರುಳಿಯ ಸಂದಿನಲ್ಲಿ ನೆಲೆ ಹಿಡಿದು ಗೂಡು ಕಟ್ಟುತ್ತದೆ. ಒಂದು ಬೆಳೆಯಲ್ಲಿ ಇದರ ಕೆಲಸ ಕೆಲವೇ ದಿನ. ಆದುದರಿಂದ ಎಲ್ಲ ರೈತರೂ ಇದನ್ನು ಕೊಳ್ಳುವುದಿಲ್ಲ. ಅನೇಕರು ಬಾಡಿಗೆಗೆ ತರುತ್ತಾರೆ. ಬಾಡಿಗೆಗೆ ಕೊಡುವವನಿಗೆ ಚಂದ್ರಿಕೆಯು ಹಳೆಯ ಅರ್ಥದ ಒಡವೆ, ತಂದವನಿಗೆ ಮುಟ್ಟು. ಮೊದಲನೆಯವನು ಎಣಿಸುವುದು ದಿನಗಳನ್ನು. ಎರಡನೆಯವನಾದರೋ ರಾತ್ರಿ ಎದ್ದು ಹುಳುಗಳನ್ನು ನೋಡುವನು, ಮಳೆಯ ಮೋಡ ಕವಿದರೆ ಚಂದ್ರಿಕೆಗಳನ್ನು ಒಳಗೆ ಹೊರುವನು. ಸಿಬಿರು ಚುಚ್ಚುವುದೂ ಅವನ ಬೆರಳಿಗೆ.

ವ್ಯವಹಾರಧರ್ಮವು ಒಡೆಯನ ಪಕ್ಷ. ಅದು ಅನ್ಯಾಯವೂ ಅಲ್ಲ, ಬಿದಿರಿಗೂ ಹೆಣಿಗೆಗೂ ಹಣ ಕೊಟ್ಟವನು ಅವನು. ಆದರೆ ಒಡೆತನವೊಂದೇ ಸಂಬಂಧವೆಂದು ತಿಳಿದು ಮಾತನಾಡುವ ಈಗಿನ ರೂಢಿಯು ಅರ್ಧಸತ್ಯ. ಕನ್ನಡವು ಎರಡು ಸಂಬಂಧಗಳಿಗೆ ಎರಡು ಹೆಸರಿಟ್ಟಿದ್ದಿತು. ಒಂದನ್ನು ಚಿನ್ನಕ್ಕೆ ಮಾರಿ, ಇನ್ನೊಂದನ್ನು ಸಂಕೋಚಕ್ಕೆ ಬಲಿಗೊಟ್ಟವರು ನಾವು. ಆಯುಧಪೂಜೆಯ ದಿನ ಬಾಡಿಗೆಯ ಚಂದ್ರಿಕೆಯು ಯಾರ ಜಗಲಿಯ ಮೇಲಿರುವುದೋ ಆ ಮನೆಯಾಕೆ ಅದಕ್ಕೆ ಕುಂಕುಮವಿಟ್ಟರೆ, ಒಡೆಯನು ಯಾರೆಂದು ಕೇಳುವವರಿಲ್ಲ.