ಜವಾಬು ಬೀಳುವ ಜಾಗ

ನಮ್ಮ ಮನೆಯ ಅಡುಗೆ ಕೋಣೆಯಲ್ಲಿ ಹಿತ್ತಾಳೆಯ ಒಂದು ಕುಟ್ಟಾಣಿ ಇತ್ತು. ಅಮ್ಮಿ ಅದನ್ನು ಹಾವನ್‌ದಸ್ತಾ ಎನ್ನುತ್ತಿದ್ದರು. ಹಾವನ್ ಎಂದರೆ ಒರಳು, ದಸ್ತಾ ಎಂದರೆ ಅದರಲ್ಲಿ ಕುಟ್ಟುವ ಹಿಡಿ. ಶುಂಠಿ, ಏಲಕ್ಕಿ ಜಜ್ಜುವ ಸದ್ದು ಕೇಳುತ್ತಲೇ ನಾವು ಬೆಳಗಿನ ಪಾಠ ಓದುತ್ತಿದ್ದೆವು. ಕನ್ನಡ ಶಾಲೆಗೆ ಹೋದಾಗ ಮೇಷ್ಟ್ರು ಒಂದು ಗಾದೆ ಹೇಳಿಕೊಟ್ಟರು: ಒರಳಿಗೆ ತಲೆ ಕೊಟ್ಟ ಮೇಲೆ ಒನಕೆ ಪೆಟ್ಟಿಗೆ ಅಂಜಿದರಾದೀತೆ?

ಎಷ್ಟೋ ವರ್ಷಗಳ ನಂತರ ಮೊದಲ ಮಹಾಯುದ್ಧದ ಪುಸ್ತಕಗಳನ್ನು ಓದುವಾಗ ಆ ಕುಟ್ಟಾಣಿಯೂ ಗಾದೆಯೂ ಒಟ್ಟಿಗೆ ನೆನಪಾದವು. ಆ ಯುದ್ಧದಲ್ಲಿ ಬಳಕೆಯಾದ ಮಾರ್ಟರ್ ಎಂಬ ಆಯುಧದ ಹೆಸರಿನ ಮೂಲ ಅರ್ಥ ಒರಳು ಎಂದೇ. ಹಳೆಯ ಕಾಲದ ಮಾರ್ಟರ್ ಗಿಡ್ಡವಾಗಿ, ಅಗಲ ಬಾಯಿಯದಾಗಿ, ಒರಳಿನಂತೆ ಕಾಣುತ್ತಿದ್ದುದರಿಂದ ಆ ಹೆಸರು ಬಂತು. ಅರಬ್ಬಿಯಲ್ಲಿಯೂ ಈ ಆಯುಧಕ್ಕೆ ಹಾವನ್ ಎಂದೇ ಹೆಸರು. ಆದರೆ ಗಾದೆಯ ಮನುಷ್ಯ ತನ್ನ ತಲೆಯನ್ನು ತಾನೇ ಕೊಟ್ಟವನು. ಯುದ್ಧದ ಒರಳಿನಲ್ಲಿ ತಲೆ ಯಾರದು, ಒನಕೆ ಹಿಡಿದ ಕೈ ಯಾರದು ಎಂಬುದು ಅಷ್ಟು ಸುಲಭದ ಲೆಕ್ಕವಲ್ಲ.

1914ರ ಕೊನೆಯ ಹೊತ್ತಿಗೆ ಫ್ರಾನ್ಸ್ ಮತ್ತು ಬೆಲ್ಜಿಯಂಗಳಲ್ಲಿ ಎರಡೂ ಕಡೆಯ ಸೈನ್ಯಗಳು ನೆಲ ಅಗೆದು ಕಂದಕಗಳಲ್ಲಿ ಕುಳಿತಿದ್ದವು. ಕೆಲವೆಡೆ ಇಬ್ಬರ ನಡುವಿನ ಅಂತರ ನೂರು ಮೀಟರಿಗಿಂತ ಕಡಿಮೆ. ಬಂದೂಕಿನ ಗುಂಡು ನೇರವಾಗಿ ಹೋಗುತ್ತದೆ, ನೆಲದೊಳಗೆ ಇಳಿದವನಿಗೆ ತಾಗುವುದಿಲ್ಲ. ದೂರದ ಫಿರಂಗಿ ಹೊಡೆದರೆ ತಮ್ಮವರ ಮೇಲೆಯೇ ಬೀಳುವ ಭಯ. ಮಾರ್ಟರಿನ ಬಾಂಬ್ ಹಾಗಲ್ಲ. ಅದು ಮೇಲಕ್ಕೆ ಎದ್ದು, ಕಡಿದಾಗಿ ಇಳಿದು, ಕಂದಕದ ಒಳಗೇ ಬೀಳುತ್ತದೆ. 1904-05ರಲ್ಲಿ ಪೋರ್ಟ್ ಆರ್ಥರ್ ಮುತ್ತಿಗೆಯಲ್ಲಿ ಜಪಾನೀಯರು ಇಂಥ ಆಯುಧ ಬಳಸಿದ್ದನ್ನು ಜರ್ಮನರು ಗಮನಿಸಿದ್ದರು. ಹಾಗಾಗಿ ಯುದ್ಧ ಶುರುವಾದಾಗ ಅವರ ಬಳಿ ಮೀನೆನ್‌ವೆರ್ಫರ್ ಎಂಬ ಮಾರ್ಟರುಗಳು ಸಿದ್ಧವಾಗಿದ್ದವು. ಬ್ರಿಟಿಷರ ಬಳಿ ಹೇಳಿಕೊಳ್ಳುವಂಥದ್ದು ಇರಲಿಲ್ಲ. ಫ್ರೆಂಚರಿಂದ ತಂದ ಹಳೇ ಕಾಲದ ಮಾರ್ಟರುಗಳು, ಜಾಮ್ ಡಬ್ಬಿಯಲ್ಲಿ ಮದ್ದು ತುಂಬಿದ ಬಾಂಬುಗಳು, ಇವುಗಳಲ್ಲೇ ಮೊದಲ ಚಳಿಗಾಲ ಕಳೆಯಿತು.

ಆ ಚಳಿಗಾಲದಲ್ಲಿ ಅಲ್ಲಿದ್ದವರಲ್ಲಿ ನಮ್ಮವರೂ ಇದ್ದರು. ಲಾಹೋರ್ ಮತ್ತು ಮೀರತ್ ಡಿವಿಷನ್ನುಗಳ ಸಿಪಾಯಿಗಳು 1914ರ ಶರತ್ಕಾಲದಿಂದ 1915ರ ಕೊನೆಯವರೆಗೆ ಆ ಕಂದಕಗಳಲ್ಲಿ ನಿಂತರು. 1914ರ ಡಿಸೆಂಬರ್ 20ರಂದು ಜಿವೆಂಚಿ ಎಂಬಲ್ಲಿ ಅವರ ಮೇಲೆ ಫಿರಂಗಿ ಮತ್ತು ಮಾರ್ಟರುಗಳ ದಾಳಿ ನಡೆಯಿತು, ಕಾಲ ಕೆಳಗಿನ ನೆಲದಲ್ಲಿ ಹೂತಿದ್ದ ಸಿಡಿಮದ್ದು ಸ್ಫೋಟಿಸಿತು. ತಿರುಗಿ ಹೊಡೆಯಲು ಅವರ ಕೈಯಲ್ಲಿ ಸರಿಯಾದ ಮಾರ್ಟರ್ ಇರಲಿಲ್ಲ. ಹೊಡೆತ ತಿಂದವನು ತನಗೂ ಒಂದು ಒನಕೆ ಬೇಕೆಂದು ಬಯಸಿದರೆ ಅದನ್ನು ತಪ್ಪೆಂದು ಹೇಳುವುದು ಕಷ್ಟ. ಬೆಚ್ಚಗಿನ ಕೋಣೆಯಲ್ಲಿ ಕುಳಿತು ಬರೆಯುವ ನನ್ನಂಥವನಿಗಂತೂ ಆ ಅಧಿಕಾರವಿಲ್ಲ.

ಒನಕೆ ಬಂತು. 1915ರ ಜನವರಿಯಲ್ಲಿ ವಿಲ್ಫ್ರೆಡ್ ಸ್ಟೋಕ್ಸ್ ಎಂಬ ಇಂಗ್ಲಿಷ್ ಎಂಜಿನಿಯರ್ ಒಂದು ಸರಳ ಮಾರ್ಟರ್ ರೂಪಿಸಿದರು. ಅವರು ಸೈನಿಕರಲ್ಲ, ಇಪ್ಸ್‌ವಿಚ್ ಪಟ್ಟಣದಲ್ಲಿ ಕ್ರೇನುಗಳನ್ನು ತಯಾರಿಸುವ ಕಂಪನಿಯೊಂದರಲ್ಲಿದ್ದವರು. ಒಂದು ಕಬ್ಬಿಣದ ಕೊಳವೆ, ಅದನ್ನು ಎತ್ತಿ ನಿಲ್ಲಿಸಲು ಎರಡು ಕಾಲು, ಕೆಳಗೊಂದು ತಟ್ಟೆ. ಕೊಳವೆಯ ಬಾಯಿಯಿಂದ ಬಾಂಬನ್ನು ಕೈಬಿಟ್ಟರೆ ಅದು ತನ್ನ ಭಾರಕ್ಕೆ ತಾನೇ ಜಾರಿ, ತಳದ ಮೊಳೆಗೆ ತಾಗಿ, ಮದ್ದು ಹೊತ್ತಿ ಹಾರಿಹೋಗುತ್ತದೆ. ನಿಮಿಷಕ್ಕೆ ಇಪ್ಪತ್ತಕ್ಕೂ ಹೆಚ್ಚು ಬಾಂಬುಗಳನ್ನು, ಸುಮಾರು 700 ಮೀಟರ್ ದೂರದವರೆಗೆ ಎಸೆಯಬಹುದಿತ್ತು. ಇದ್ದ ಮದ್ದುಗುಂಡುಗಳು ಇದಕ್ಕೆ ಹೊಂದುವುದಿಲ್ಲವೆಂದು ಸೇನಾ ಕಚೇರಿ ಮೊದಲು ಬೇಡವೆಂದಿತು. ಮದ್ದುಗುಂಡು ಖಾತೆಯ ಮಂತ್ರಿ ಲಾಯ್ಡ್ ಜಾರ್ಜ್ ಹಿಂದೆ ನಿಂತು ಕೆಲಸ ಮುಂದುವರಿಸಿದರು. ಅದರ ಆರಂಭದ ಖರ್ಚಿಗೆ ಒದಗಿದ್ದು ಭಾರತದ ಒಬ್ಬ ಮಹಾರಾಜರು ಕೊಟ್ಟಿದ್ದ ಹಣ. ಮಹಾರಾಜರ ಬೊಕ್ಕಸ ತುಂಬುವುದು ರೈತರ ಕಂದಾಯದಿಂದ ತಾನೆ? ಎಲ್ಲೋ ಬಿಸಿಲಲ್ಲಿ ಉಳುತ್ತಿದ್ದವನ ಕಾಸು ಅವನಿಗೆ ತಿಳಿಯದೆಯೇ ಫ್ರಾನ್ಸಿನ ಕೆಸರಿಗೆ ಹೋಗಿ ಸಿಡಿಯಿತು. 1917ರಲ್ಲಿ ಸ್ಟೋಕ್ಸ್ ಅವರಿಗೆ ಸರ್ ಪದವಿ ದೊರೆಯಿತು.

ಇಲ್ಲಿಯವರೆಗಿನದು ಆಯುಧದ ಕಥೆ. ನನ್ನನ್ನು ಕಾಡಿದ ಸಂಗತಿ ಬೇರೆ. ಬ್ರಿಟಿಷ್ ಕಂದಕದಲ್ಲಿದ್ದ ಸಾಮಾನ್ಯ ಸಿಪಾಯಿಗೆ ಶತ್ರುವಿನ ಮಾರ್ಟರಿನ ಮೇಲಷ್ಟೇ ಅಲ್ಲ, ತನ್ನ ಕಡೆಯ ಮಾರ್ಟರ್ ದಳದ ಮೇಲೂ ಸಿಟ್ಟಿತ್ತು. ಕಾರಣ ಸರಳ. ಆ ದಳ ಕಂದಕದಲ್ಲಿ ವಾಸವಿದ್ದ ಪಲಟಣಿಗೆ ಸೇರಿದ್ದಲ್ಲ. 1916ರ ಹೊತ್ತಿಗೆ ಸ್ಟೋಕ್ಸ್ ಮಾರ್ಟರುಗಳು ಬ್ರಿಗೇಡಿನ ಪ್ರತ್ಯೇಕ ದಳಗಳ ಕೈಯಲ್ಲಿದ್ದವು. ಅವರು ಬರುತ್ತಿದ್ದರು, ಕೊಳವೆ ನಿಲ್ಲಿಸುತ್ತಿದ್ದರು, ಹತ್ತಿಪ್ಪತ್ತು ಬಾಂಬ್ ಎಸೆಯುತ್ತಿದ್ದರು, ಸಾಮಾನು ಕಟ್ಟಿಕೊಂಡು ಹೊರಟುಬಿಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಜರ್ಮನರ ಜವಾಬು ಬರುತ್ತಿತ್ತು. ಅದು ಬೀಳುತ್ತಿದ್ದುದು ಅಲ್ಲೇ ಉಳಿದವರ ಮೇಲೆ.

ಉಳಿದವರು ಎದುರಿನವರೊಂದಿಗೆ ಬಾಯಿ ಬಿಟ್ಟು ಆಡದ ಒಂದು ಒಪ್ಪಂದಕ್ಕೆ ಬಂದಿರುತ್ತಿದ್ದರು. ತಿಂಡಿಯ ಹೊತ್ತಿಗೆ ಹೊಡೆಯುವುದಿಲ್ಲ, ನೀವೂ ಹೊಡೆಯಬೇಡಿ. ಮೇಲಧಿಕಾರಿಗೆ ತೋರಿಸಲೆಂದು ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗಕ್ಕೆ ಹೊಡೆದು, ತಪ್ಪಿಸಿಕೊಳ್ಳಲು ಅವಕಾಶ ಕೊಡುವುದೂ ಇತ್ತು. ಟೋನಿ ಆಶ್‌ವರ್ತ್ ಎಂಬ ವಿದ್ವಾಂಸರು ಸೈನಿಕರ ದಿನಚರಿ, ಪತ್ರಗಳನ್ನು ಹುಡುಕಿ 1980ರಲ್ಲಿ ಈ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಇಂಥ ಒಪ್ಪಂದ ಮುರಿಯಲು ಒಂದು ಮಾರ್ಟರ್ ದಳ ಬಂದು ಹೋದರೆ ಸಾಕಿತ್ತು. ಸೇನಾಪತಿಗಳಿಗೆ ಬೇಕಾಗಿದ್ದುದೂ ಅದೇ.

ಸೇನಾಪತಿಗಳ ವಾದವನ್ನೂ ಕೇಳಬೇಕು. ಇಲ್ಲಿ ನೀವು ಸುಮ್ಮನಿದ್ದರೆ ಎದುರಿನವನು ತನ್ನ ಜನರನ್ನು ಇನ್ನೊಂದು ಕಡೆಗೆ ಕಳಿಸುತ್ತಾನೆ, ಅಲ್ಲಿ ನಿಮ್ಮ ಅಣ್ಣತಮ್ಮಂದಿರು ಸಾಯುತ್ತಾರೆ, ಎಂದು ಅವರು ಹೇಳಬಹುದು. ಇದು ತಳ್ಳಿಹಾಕುವ ಮಾತಲ್ಲ. ಮಾರ್ಟರ್ ದಳದವನ ಮಾತೂ ಇದೆ. ನಾನು ಅಪ್ಪಣೆಯಂತೆ ಬಂದವನು, ನಿಂತ ಜಾಗ ಗೊತ್ತಾದರೆ ಮೊದಲು ಸಾಯುವವನು ನಾನೇ, ಎನ್ನುತ್ತಾನೆ ಅವನು. ನಿಜ. ಆ ದಳಗಳಿಗೆ 'ಆತ್ಮಹತ್ಯೆಯ ಸಂಘ' ಎಂಬ ಅಡ್ಡಹೆಸರೇ ಇತ್ತು. ಓಡಿಹೋದ ಕಾರಣಕ್ಕೆ ಅವನನ್ನು ಹೇಡಿ ಎಂದರೆ ಅನ್ಯಾಯವಾದೀತು.

ಹಾಗಾದರೆ ತಪ್ಪು ಎಲ್ಲಿದೆ? ನಮ್ಮದೇ ಒಂದು ಪದ ನನಗೆ ಇಲ್ಲಿ ದಾರಿ ತೋರಿಸಿತು. ನಾವು ದಿನವೂ ಬಳಸುವ ಜವಾಬ್ದಾರಿ ಎಂಬ ಮಾತು ಪಾರಸಿಯಿಂದ ಉರ್ದುವಿಗೂ ಕನ್ನಡಕ್ಕೂ ಬಂದದ್ದು. ಜವಾಬು ಎಂದರೆ ಉತ್ತರ. ಜವಾಬ್ದಾರ ಎಂದರೆ ಉತ್ತರ ಹೊರುವವನು. ಒಂದು ಕೆಲಸ ಮಾಡಿದರೆ ಅದಕ್ಕೆ ಬರುವ ಉತ್ತರವನ್ನು ಮಾಡಿದವನೇ ಹೊರಬೇಕು ಎಂಬ ನ್ಯಾಯ ಆ ಪದದೊಳಗೇ ಇದೆ. ಮಾರ್ಟರ್ ಈ ನ್ಯಾಯವನ್ನು ಎರಡು ತುಂಡು ಮಾಡಿತು. ಹೊಡೆಯುವ ನಿರ್ಧಾರ ಒಂದು ಕಡೆ, ಜವಾಬು ಬೀಳುವ ಜಾಗ ಇನ್ನೊಂದು ಕಡೆ. ಹಣ ಕೊಟ್ಟವರು, ಕೊಳವೆ ರೂಪಿಸಿದವರು, ಅಪ್ಪಣೆ ಬರೆದವರು, ಬಾಂಬ್ ಕೈಬಿಟ್ಟವರು, ಇವರಲ್ಲಿ ಯಾರೂ ಕ್ರೂರಿಗಳಾಗಿರಬೇಕಿಲ್ಲ. ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸ ಮುಗಿಸಿ ಪಕ್ಕಕ್ಕೆ ಸರಿದರು, ಅಷ್ಟೇ. ಸರಿಯಲಾಗದೆ ಉಳಿದವನನ್ನು ಮಾತ್ರ ಯಾರೂ ಒಂದು ಮಾತೂ ಕೇಳಲಿಲ್ಲ.

ಅವನನ್ನು ಕೇಳಿದ್ದರೆ ಮಾರ್ಟರ್ ಬೇಡವೆಂದೇ ಹೇಳುತ್ತಿದ್ದ ಎಂದು ನಾನು ಹೇಳಲಾರೆ. ಜಿವೆಂಚಿಯ ಸಿಪಾಯಿ ಬೇಕೆಂದೇ ಹೇಳುತ್ತಿದ್ದನೇನೋ. ಆದರೆ ಹಾಗೆ ಹೇಳುವ ಹಕ್ಕು ಯಾರಿಗಾದರೂ ಇದ್ದರೆ ಅದು ಅವನಿಗೆ, ಏಕೆಂದರೆ ಅಂದು ರಾತ್ರಿ ಅದೇ ಜಾಗದಲ್ಲಿ ಮಲಗಬೇಕಾದವನು ಅವನು. ಆಯುಧ ಹಿಡಿಯಬೇಕೋ ಬೇಡವೋ ಎಂಬ ದೊಡ್ಡ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಹೊಡೆತವಾಗಲಿ, ಬಿರುಸಿನ ಮಾತಾಗಲಿ, ಅದನ್ನು ಎಸೆಯುವ ಮುನ್ನ ಜವಾಬು ಬೀಳುವ ಜಾಗದಲ್ಲಿ ತಾನೂ ಇರುತ್ತೇನೆಯೇ ಎಂದು ಕೇಳಿಕೊಳ್ಳುವುದು ಮಾತ್ರ ಎಲ್ಲರಿಗೂ ಸಾಧ್ಯ.

ಫ್ರಾನ್ಸಿನ ನವ್ ಶಾಪೆಲ್‌ನಲ್ಲಿ 1927ರಲ್ಲಿ ತೆರೆದ ಒಂದು ಸ್ಮಾರಕವಿದೆ. ಸಮಾಧಿಯೂ ಸಿಗದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳನ್ನು ಅಲ್ಲಿ ಕಲ್ಲಿನಲ್ಲಿ ಕೆತ್ತಿದ್ದಾರೆ. ಅವರೆಲ್ಲ ಉಳಿದವರು. ಬಂದು ಹೋದವರ ಹೆಸರುಗಳು ಬೇರೆ ಕಲ್ಲುಗಳ ಮೇಲೆ, ಬೇರೆ ಊರುಗಳಲ್ಲಿ ಇವೆ.